ಸಿಂಗಟಗೆರೆಗೆ ಇಳಿದ ಅನ್ಯಗ್ರಹದವಳು

ಆಗೆಲ್ಲ ನಮಗೆ ಸಿನಿಮಾ ಅಂದರೆ ಬಸ್ಸು ಹಿಡಿದು ಕಡೂರಿಗೆ ಹೋಗಿ ನೋಡಿಬರುವಂಥದ್ದು. ಅಂಥಾದ್ದರಲ್ಲಿ ಒಂದು ಬೇಸಿಗೆ ಸಿನಿಮಾನೇ ಸಿಂಗಟಗೆರೆಗೆ ಬಂತು. ತಂದವನು ನನ್ನ ಸೋದರಮಾವ ರುದ್ರೇಶ. ಬೆಂಗಳೂರಿನಲ್ಲಿ ಸಿನಿಮಾ ಕಲಿಯುತ್ತಿದ್ದವನು ಪರೀಕ್ಷೆಗೆಂದು ಒಂದು ಕಿರುಚಿತ್ರ ತೆಗೆಯಬೇಕಿತ್ತು. ಬೇರೆ ಗ್ರಹದ ಜೀವಿಯೊಂದು ನಮ್ಮೂರ ಒಣಗಿದ ಕೆರೆಯಂಗಳಕ್ಕೆ ಇಳಿಯುತ್ತದೆ, ಜನ ಹೆದರಿ ಓಡುತ್ತಾರೆ. ಅದೇ ಕಥೆ. ಆ ಜೀವಿ ನಾನು, ಹತ್ತು ವರ್ಷದವಳು.

ನನ್ನ ಮೈಗೆ ಬಳಿಯಲು ಮಾವ ಬೆಳ್ಳಿ ಬಣ್ಣದ ಡಬ್ಬಿ ತಂದಿದ್ದ. ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ಅಜ್ಜಿ ಅಡ್ಡ ನಿಂತಳು.

"ಮಗೀಗೆ ಮೈಯೆಲ್ಲ ಬೊಬ್ಬೆ ಏಳ್ತದೆ ಕಣೋ. ಮನೇಲಿ ವಿಭೂತಿ ಇಲ್ವೇನೋ?"

ಕಪ್ಪು-ಬಿಳುಪು ಚಿತ್ರ ತಾನೆ, ಯಾವುದಾದರೇನು ಎಂದು ಮಾವ ಒಪ್ಪಿಬಿಟ್ಟ. ವಿಭೂತಿ ಗಟ್ಟಿ ನೆನೆಸಿ ತಲೆಯಿಂದ ಕಾಲಿನವರೆಗೂ ಮೆತ್ತಿದರು. ಒಣಗಿದ ಮೇಲೆ ಮುಖ ಬಿಗಿದು ನಗಲೂ ಆಗದು. ರಾಗಿ ತುಂಬುವ ತಗಡಿನ ದೊಡ್ಡ ಪೀಪಾಯಿಯೇ ರಾಕೆಟ್ಟು, ಅದಕ್ಕೊಂದು ಬಾಗಿಲು ಕೊರೆದಿದ್ದರು. ಒಳಗೆ ಮುಗ್ಗಲು ವಾಸನೆ, ತಡೆಯಲಾರದ ಸೆಕೆ. ಜನರನ್ನು ಹೆದರಿಸಬೇಕೆಂದು ವಾರದಿಂದ ಗುರ್ರೆನ್ನುವುದನ್ನು ಕಲಿತಿದ್ದೆ.

ಮಂಡಕ್ಕಿ ಖಾರದ ಆಸೆಗೆ ಅರ್ಧ ಊರೇ ಸೇರಿತ್ತು. "ಬಾಗ್ಲು ತೆಗೆದ ತಕ್ಷಣ ಎಲ್ರೂ ಕೂಗ್ಕೊಂಡು ಓಡ್ಬೇಕು" ಎಂದು ಹೇಳಿ ಮಾವ ಕ್ಯಾಮೆರಾ ಹಿಂದೆ ನಿಂತ. ಅವನ ಬಳಿ ಉಳಿದಿದ್ದ ಫಿಲಂ ಆ ಒಂದು ದೃಶ್ಯಕ್ಕೆ ಮಾತ್ರ ಸಾಕಾಗುವಷ್ಟಿತ್ತು.

ಬಾಗಿಲು ತೆಗೆದರು. ನಾನು ಗುರ್ರೆನ್ನುತ್ತ ಹೊರಬಂದೆ. ಮುಂದೆ ನಿಂತಿದ್ದ ನಮ್ಮ ಬೀದಿಯ ಶಿವಮ್ಮಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಪ್ಪಲಿ ಕಳಚಿ, ಕೈಮುಗಿದುಬಿಟ್ಟಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು. ಕೊನೆಗೆ ಎಲ್ಲರೂ.

"ಓಡ್ರೀ! ಲೇ, ಓಡ್ರೋ!" ಮಾವ ಗಂಟಲು ಹರಿಯುವಂತೆ ಕೂಗಿದ.

"ಮೈತುಂಬ ವಿಭೂತಿ ಧರಿಸ್ಕೊಂಡು ಬಂದೋರ್ಗೆ ಬೆನ್ನು ತೋರ್ಸಕ್ಕಾಯ್ತದೇನಪ್ಪಾ? ಬೇಕಾದ್ರೆ ನೀನೇ ಓಡು" ಅಂದಳು ಶಿವಮ್ಮಜ್ಜಿ.

ಅಷ್ಟರಲ್ಲಿ ಫಿಲಂ ಮುಗಿದುಹೋಯಿತು. ಮಾವ ಕೆರೆಯ ಮಣ್ಣಿನಲ್ಲೇ ಕುಕ್ಕರಿಸಿದ. ನನಗೋ ಅಳುವಷ್ಟು ಸಿಟ್ಟು. ಯಾರೋ ನನ್ನ ಕಾಲಿಗೆ ನೀರು ಹಾಕಲು ಬಂದರು, ಚೊಂಬನ್ನು ಒದ್ದುಬಿಟ್ಟೆ.

ಗ್ರಹಚಾರ ಅಲ್ಲಿಗೇ ನಿಲ್ಲಲಿಲ್ಲ. ಆ ಚಿತ್ರ ನೋಡಿದ ನಿರ್ಮಾಪಕರೊಬ್ಬರು ಕೈಮುಗಿದು ನಿಂತ ಮುಖಗಳಿಗೆ ಮರುಳಾಗಿ ಮಾವನಿಗೆ ಒಂದು ದೇವರ ಚಿತ್ರ ಕೊಟ್ಟರು. ಅದು ಗೆದ್ದಿತು. ಆಮೇಲೆ ಅವನಿಗೆ ಸಿಕ್ಕಿದ್ದೆಲ್ಲ ದೇವರ ಚಿತ್ರಗಳೇ. ತರೀಕೆರೆಯ ಟಾಕೀಸಿನಲ್ಲಿ ಪರದೆಯ ಮುಂದೆ ಕರ್ಪೂರ ಹಚ್ಚುತ್ತಿದ್ದರು. ಊರಿಗೆ ಬಂದಾಗಲೆಲ್ಲ ಮಾವ ಮಾತ್ರ ಬೇರೆ ಬೇರೆ ಗ್ರಹಗಳ ಹೊಸ ಕಥೆ ಹೇಳುತ್ತಿದ್ದ.

"ನಿರ್ಮಾಪಕ್ರು ಎಲ್ಲಾ ಕೇಳ್ತಾರೆ ಕಣೇ. ಕೊನೇಗೆ, ಇದ್ರಲ್ಲಿ ದೇವ್ರು ಎಲ್ಲಿ ಬತ್ತಾನೆ ಅಂತಾರೆ."

ಈಗ ಶಿವಮ್ಮಜ್ಜಿ ಇಲ್ಲ, ಆ ಟಾಕೀಸಿಲ್ಲ, ಮಾವನೂ ಇಲ್ಲ. ಅವನ ತಲೆಯಲ್ಲಿದ್ದ ಗ್ರಹಗಳೆಲ್ಲ ಅವನ ಜೊತೆಗೇ ಹೋದವು. ಪುಣ್ಯವಂತ ಕಣಮ್ಮಾ ನಿಮ್ಮ ಮಾವ, ಅನ್ನುತ್ತಾರೆ ಊರವರು. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವತ್ತು ಅಷ್ಟು ಜನರಲ್ಲಿ ಒಬ್ಬರಾದರೂ ಓಡಬಾರದಿತ್ತೇ?