ಗುಡ್ಡ ಹತ್ತಿದ ಲೈಫ್ ಜಾಕೆಟ್

ಫ್ರಾನ್ಸಿನ ಸೇನ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಹಡಗಿನ ಪ್ರವಾಸಿಗಳು ಇನ್ನೂ ಹೊದ್ದು ಮಲಗಿದ್ದಾರೆ. ಮುಂಭಾಗದಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ನಿಂತವರು ಹಡಗಿನ ಕೆಲಸಗಾರ್ತಿ ಸೊಲಾಂಜ್ ವೆರ್‌ಮೆಶ್ ಒಬ್ಬರೇ. ಆಂದ್ಲಿ ಊರಿನ ದಡ ಹತ್ತಿರವಾಗುತ್ತಿದ್ದಂತೆ ಹಗ್ಗ ಬೀಸಿ ಒಗೆಯುತ್ತಾರೆ. ಕುಣಿಕೆ ಹೋಗಿ ಗೂಟಕ್ಕೆ ಬೀಳುತ್ತದೆ, ಹಡಗು ನಿಲ್ಲುತ್ತದೆ.

ತಿಂಡಿ ಮುಗಿಸಿದ ಪ್ರವಾಸಿಗಳು ಗುಡ್ಡದ ಮೇಲಿನ ಪಾಳು ಕೋಟೆಗೆ ಹೊರಡುತ್ತಾರೆ. ಅಲ್ಲಿಂದ ನದಿಯ ಇಡೀ ತಿರುವು ಕಾಣುತ್ತದಂತೆ. 'ಅಂತೆ' ಯಾಕೆಂದರೆ, ವರ್ಷಗಳಿಂದ ವಾರವಾರವೂ ಇಲ್ಲಿಗೆ ಬರುವ ಸೊಲಾಂಜ್ ಒಮ್ಮೆಯೂ ಅದನ್ನು ಹತ್ತಿಲ್ಲ. ಬೇರೆ ದೋಣಿಗಳು ಹಾದುಹೋದಾಗಲೆಲ್ಲ ಹಗ್ಗ ಬಿಗಿಯುತ್ತದೆ, ಸಡಿಲಿಸಲು ಯಾರಾದರೂ ಇರಲೇಬೇಕಲ್ಲ! "ಅವ್ರು ನೋಡ್ಕೊಂಡು ಬರೋವರ್ಗೂ ನಾನು ಹಡಗು ಹಿಡ್ಕೊಂಡಿರ್ತೀನಿ" ಎಂದು ನಗುತ್ತಾರೆ.

ಸೊಲಾಂಜ್ ಹುಟ್ಟಿದ್ದೇ ನೀರಿನ ಮೇಲೆ, 'ಮರ್ಗೆರಿತ್' ಎಂಬ ಸರಕು ದೋಣಿಯಲ್ಲಿ. ಮುಂದೆ ಗೋಧಿ, ಹಿಂದೆ ಸಂಸಾರ. ದೋಣಿಯವರ ಮಕ್ಕಳಿಗೆ ಊರೆಂಬುದಿಲ್ಲ. ಯಾರ ಪೈಕಿ ಎಂದರೆ ದೋಣಿಯ ಹೆಸರು ಹೇಳಬೇಕು. ಇವರು ಮರ್ಗೆರಿತ್‌ನ ಸೊಲಾಂಜ್. ಆರನೇ ವಯಸ್ಸಿಗೆ ಹಾಸ್ಟೆಲ್ ಸೇರಿ, ಕಿಟಕಿಯಿಂದ ನದಿ ನೋಡುತ್ತ ಅತ್ತದ್ದು ಈಗಲೂ ಹಸಿಯಾಗಿದೆ. ಅಪ್ಪನ ನಂತರ ದೋಣಿ ಅಣ್ಣ ಫರ್ಮೆನ್‌ಗೆ ಬಂತು. ಒಂದು ದೋಣಿಯ ದುಡಿಮೆ ಎರಡು ಸಂಸಾರಕ್ಕೆ ಸಾಲದೆ ಇವರು ಪ್ರವಾಸಿ ಹಡಗು ಸೇರಿದರು. ನದಿಯಲ್ಲಿ ಎದುರಾದಾಗ ಅಣ್ಣ ಎಂಜಿನ್ ನಿಧಾನಿಸುತ್ತಾನೆ, ತಂಗಿ ಡೆಕ್ ಒರೆಸುವ ಮಾಪು ಎತ್ತಿ ಆಡಿಸುತ್ತಾರೆ. ಭೇಟಿಯೆಂದರೆ ಅಷ್ಟೇ.

ಇವತ್ತಿನದು ಕೊನೆಯ ಭೇಟಿ. ಮೊಣಕಾಲು ಸೋತ ಅಣ್ಣ ದೋಣಿಯನ್ನು ಮಾರಿದ್ದಾನೆ; ಕೊಂಡವರು ಅದನ್ನು ದಡಕ್ಕೆ ಕಟ್ಟಿಹಾಕಿ ಹೋಟೆಲ್ ಮಾಡುತ್ತಾರಂತೆ. "ಬೆಳಿಗ್ಗೆ ಆಂದ್ಲಿ ದಾಟ್ತೀನಿ ಪುಟ್ಟಿ. ಅತ್ತು ರಂಪ ಮಾಡ್ಬೇಡ, ಮಾಪು ಆಡ್ಸು ಸಾಕು" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದಾನೆ. ಹುಟ್ಟಿದ ಮನೆ ನೀರಿನ ಮೇಲೆ ಸಾಗುವುದನ್ನು ದೂರದಿಂದ, ಇಡಿಯಾಗಿ, ಒಮ್ಮೆ ನೋಡಬೇಕೆಂಬುದು ಸೊಲಾಂಜ್‌ರ ಬಹುದಿನದ ಆಸೆ. ಇನ್ನು ಆ ಅವಕಾಶವೂ ಇಲ್ಲ.

ವಿಷಯ ತಿಳಿದ ಕ್ಯಾಪ್ಟನ್ ತಿಬೊ ಹಗ್ಗಕ್ಕೆ ತಾನೇ ಕೈಹಾಕುತ್ತಾನೆ. "ಹೋಗಿ, ಮೇಲಿಂದ ಕಣ್ತುಂಬ ನೋಡ್ಕೊಂಡ್ ಬನ್ನಿ. ಇದನ್ನ ನಾನ್ ನೋಡ್ಕೋತೀನಿ."

ಅಂದದ್ದೇ ತಡ, ಸೊಲಾಂಜ್ ಗುಡ್ಡ ಹತ್ತತೊಡಗುತ್ತಾರೆ. ದಾರಿಯಲ್ಲಿ ಪ್ರವಾಸಿಯೊಬ್ಬ ಕಿಚಾಯಿಸುತ್ತಾನೆ: "ಏನ್ ಮದಾಮ್, ಗುಡ್ಡದ ಮೇಲೂ ಮುಳುಗೋ ಭಯಾನಾ?" ನೋಡಿಕೊಂಡರೆ ಲೈಫ್ ಜಾಕೆಟ್ ಮೈಮೇಲೇ ಇದೆ! "ಅಯ್ಯೋ ಬಿಡಿ, ಇದು ನನ್ ಚರ್ಮಾನೇ ಆಗ್ಬಿಟ್ಟಿದೆ."

ಕೋಟೆಯ ಗೋಡೆಯ ಪಕ್ಕ ನಿಂತು ಏದುಸಿರು ಬಿಡುತ್ತಿರುವಾಗಲೇ ತಿರುವಿನಲ್ಲಿ ಮರ್ಗೆರಿತ್ ಕಾಣಿಸುತ್ತದೆ. ಪ್ರವಾಸಿ ಹಡಗಿನ ಬಳಿ ಬಂದು ನಿಧಾನವಾಗುತ್ತದೆ, ಮತ್ತೂ ನಿಧಾನವಾಗುತ್ತದೆ. ಆಗಷ್ಟೇ ಸೊಲಾಂಜ್‌ರಿಗೆ ಹೊಳೆಯುತ್ತದೆ: ಅಣ್ಣ ಹುಡುಕುತ್ತಿರುವುದು ಡೆಕ್ಕಿನ ಮೇಲೆ, ಮಾಪು ಹಿಡಿದ ತಂಗಿಯನ್ನು!

"ಫರ್ಮೆನ್! ಇಲ್ಲಿ ಕಣೋ, ಮೇಲೆ!" ಕೂಗು ಗಾಳಿಯ ಪಾಲಾಗುತ್ತದೆ. ದೋಣಿ ಹಡಗನ್ನು ದಾಟುತ್ತದೆ. ಸೊಲಾಂಜ್ ಅಳುತ್ತಲೇ ಜಾಕೆಟ್ ಕಿತ್ತು, ಎರಡೂ ಕೈಯಲ್ಲಿ ಹಿಡಿದು ಬೀಸುತ್ತಾರೆ. ಬೀಸುತ್ತಲೇ ಇರುತ್ತಾರೆ. ಬಿಳಿ ಸುಣ್ಣಕಲ್ಲಿನ ಗುಡ್ಡದ ಮೇಲೆ ಆ ಕಿತ್ತಳೆ ಬಣ್ಣ ಕೊನೆಗೂ ಅಣ್ಣನ ಕಣ್ಣಿಗೆ ಬಿದ್ದಿರಬೇಕು. ಮರ್ಗೆರಿತ್ ಹಾರ್ನ್ ಹೊಡೆಯುತ್ತದೆ. ತಿರುವಿನಲ್ಲಿ ಮರೆಯಾಗುವವರೆಗೂ ಅದರ ಸದ್ದು ನಿಲ್ಲುವುದಿಲ್ಲ.

ಕೆಳಗಿಳಿದು ಬಂದ ಸೊಲಾಂಜ್ ಜಾಕೆಟ್ ತೊಟ್ಟು, ತಿಬೊನ ಕೈಯಿಂದ ಹಗ್ಗ ತೆಗೆದುಕೊಳ್ಳುತ್ತಾರೆ. ಕಂಡಿತಾ ಎಂದು ಅವನು ಕೇಳುತ್ತಾನೆ.

"ಮೇಲಿಂದ ನೋಡಿದ್ರೆ ಬೆಂಕಿಪೊಟ್ಣದಷ್ಟಿದೆ ನಮ್ಮನೆ" ಎನ್ನುತ್ತಾರೆ, ಕಣ್ಣೊರೆಸಿಕೊಳ್ಳುತ್ತ. "ಅದ್ರೊಳಗೆ ಏಳು ಜನ ಇದ್ವಿ ನೋಡಿ. ಒಂದಿನಾನೂ ಇಕ್ಕಟ್ಟು ಅನ್ನಿಸ್ಲಿಲ್ಲ."