ಅತ್ತೆ ಕಾದ ಕಾಫಿ

ಕಾಪುವಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯನ್ನು ಎಲ್ಲರೂ ಒಟ್ಟಿಗೇ ಕುಡಿಯಬೇಕು ಎಂಬುದು ಅಪ್ಪನ ಅಕ್ಕ ಮಾಡಿದ ಕಟ್ಟಳೆ. ಅಮ್ಮ ಏಳಲಾರದೆ ತಡವಾಗಿ ಬಂದಾಗಲೆಲ್ಲ ಅತ್ತೆ, "ಇವಳಿಗೆ ಸೀಕು ಎಂತದ್ದೂ ಇಲ್ಲ, ಉದಾಸೀನ ಅಷ್ಟೆ" ಎನ್ನುತ್ತಿದ್ದಳು.

ಎಂಬತ್ತರ ದಶಕದ ಆರಂಭದಲ್ಲಿ ಮಣಿಪಾಲದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಗ್ರಂಥಿ ಸೋತಿದೆ ಎಂದು ಮಾತ್ರೆ ಬರೆದರು. ಖಾಲಿ ಹೊಟ್ಟೆಗೆ ನುಂಗಬೇಕು, ಕಾಫಿ ಆಮೇಲೆ. ಮಾತ್ರೆ ಕೊಡುವ ಕೆಲಸ ನನ್ನದಾಯಿತು.

"ಎಂತ, ಕಾಫಿ ಇನ್ನೂ ಆಗಲಿಲ್ವಾ?" ಮರುದಿನ ಅತ್ತೆ ಕೇಳಿದಳು.

"ಅಮ್ಮ ಮಾತ್ರೆ ತೆಗೆದುಕೊಂಡು ಒಂದು ಗಂಟೆ ಆಗಬೇಕು ಅತ್ತೆ. ಒಟ್ಟಿಗೇ ಕುಡಿಯುವುದಲ್ವಾ?"

ತನ್ನದೇ ಕಟ್ಟಳೆ ಮುರಿಯಲಾರದೆ ಅವಳು ತಲೆನೋವಿನ ಹಣೆ ಒತ್ತಿಕೊಂಡು ಕುಳಿತಳು. ಹಾಗೆ ಅವಳನ್ನು ಆರು ವರ್ಷ ಕೂರಿಸಿದೆ. ಡಾಕ್ಟರು ಹೇಳಿದ್ದು ಅರ್ಧ ಗಂಟೆ.