ಗೇಟಿನ ಹೊರಗೇ ಉಳಿದ ರುದ್ರಣ್ಣ

ಸ್ನೇಹಿತರೇ, ನ್ಯಾಮತಿಯ ನಮ್ಮ ವಠಾರದಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ ರುದ್ರಣ್ಣ ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಶವ ಬಂದಾಗ ಮನೆ ಮಾಲೀಕರು ಗೇಟಿಗೆ ಬೀಗ ಹಾಕಿಕೊಂಡು ನಿಂತಿದ್ದರು.

“ಒಳಗೆ ತರಬ್ಯಾಡ್ರಿ. ನಕ್ಷತ್ರ ಸರಿ ಇಲ್ಲ, ಆಮೇಲೆ ಮೂರು ತಿಂಗಳು ಮನೆ ಮುಚ್ಚಬೇಕಾಗ್ತೈತೆ.”

“ಕರಾರು ಇರೋ ತನಕ ಅದು ಅವರ ಮನೆ. ತಡೆಯಾಕೆ ನಿಮಗೆ ಹಕ್ಕಿಲ್ರೀ” ಎಂದೆ.

ರುದ್ರಣ್ಣನ ಹೆಂಡತಿಯೇ ನನ್ನನ್ನು ತಡೆದರು. “ಸುಮ್ನಿರಿ ಅಣ್ಣಾ. ನಾಳೆಯಿಂದ ನಾನು ಇದೇ ಮನ್ಯಾಗೆ ಇರಬೇಕು.”

ಪಕ್ಕದ ಹೋಟೆಲಿನ ಬೆಂಚು ತಂದು ರಸ್ತೆಯಲ್ಲೇ ಸ್ನಾನ ಮಾಡಿಸಿದೆವು.

ಮಣ್ಣು ಮಾಡಿ ಬಂದವನು ನನ್ನ ಕರಾರುಪತ್ರ ತೆಗೆದು ಓದಿದೆ. ನನ್ನ ಮನೆಗೂ ಮಾಲೀಕರು ಅವರೇ. ಗೋಡೆಗೆ ಮೊಳೆ ಹೊಡೆಯಬಾರದು ಎಂದಿದೆ. ಸಾಯಬಾರದು ಎಂದು ಎಲ್ಲೂ ಬರೆದಿಲ್ಲ. ಬರೆದಿದ್ದರೂ ಸಹಿ ಹಾಕುತ್ತಿದ್ದೆ. ಆಗ ನನಗೊಂದು ಮನೆ ಸಿಕ್ಕರೆ ಸಾಕಿತ್ತು.